ತುರ್ತು ವಿದ್ಯುತ್ತಿಗೆ ಜಲಜನಕ ಇಂಧನ ಕೋಶ: ಸೇನಾ ನೆಲೆಗಳ ಅನುಭವ ಹಾಗೂ ಅರಸೀಕೆರೆ, ಬೇಲೂರು, ಹಳೇಬೀಡಿನ ಅರ್ಜಿದಾರರಿಗೆ ಮಾಹಿತಿ

ವಿದ್ಯುತ್ ಸರಬರಾಜು ಸ್ಥಗಿತಗೊಂಡಾಗ ಬಳಸಲು ಡೀಸೆಲ್ ಜನರೇಟರಿಗೆ ಬದಲಾಗಿ ಜಲಜನಕದಿಂದ ನಡೆಯುವ ಇಂಧನ ಕೋಶವನ್ನು ಅಳವಡಿಸಬಹುದೇ, ಅದಕ್ಕೆ ಯಾವ ಯಾವ ಅನುಮತಿ ಅವಶ್ಯಕ ಎಂಬುದು ಆಸ್ಪತ್ರೆ, ವಸತಿಗೃಹ, ಶೀತಲಗೃಹ ಮುಂತಾದವುಗಳನ್ನು ನಡೆಸುವವರು ಅರ್ಜಿ ಸಲ್ಲಿಸುವ ಮುನ್ನವೇ ತಿಳಿದಿರಬೇಕಾದ ವಿಷಯವಾಗಿರುತ್ತದೆ. ಕ್ಷಣಮಾತ್ರವೂ ವಿದ್ಯುತ್ ನಿಲ್ಲುವಂತಿಲ್ಲದ ಸೇನಾ ನೆಲೆಗಳಲ್ಲಿ ಈ ಸಾಧನವನ್ನು ಈಗಾಗಲೇ ಪ್ರಯೋಗಕ್ಕೆ ಒಳಪಡಿಸಲಾಗಿದ್ದು, ಅಲ್ಲಿನ ಅನುಭವ ನಾಗರಿಕರಿಗೂ ಉಪಯುಕ್ತವಾಗಿದೆ.

ಇಂಧನ ಕೋಶದ ಕಾರ್ಯವಿಧಾನ

ಇಂಧನ ಕೋಶದಲ್ಲಿ ಜಲಜನಕವು ಉರಿಯುವುದಿಲ್ಲ. ತೆಳುವಾದ ಪೊರೆಯೊಂದರ ಒಂದು ಬದಿಗೆ ಜಲಜನಕವನ್ನೂ ಇನ್ನೊಂದು ಬದಿಗೆ ಗಾಳಿಯನ್ನೂ ಹಾಯಿಸಿದಾಗ ಜಲಜನಕದ ಪ್ರೋಟಾನುಗಳು ಪೊರೆಯ ಮೂಲಕ ಸಾಗುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಹರಿದು ವಿದ್ಯುತ್ತಾಗುತ್ತವೆ. ಉಳಿಯುವುದು ನೀರು ಮತ್ತು ಶಾಖ ಮಾತ್ರ. ಒಂದು ಕೋಶದಿಂದ ಸುಮಾರು 0.7 ವೋಲ್ಟ್ ದೊರೆಯುವುದರಿಂದ ಹಲವು ಕೋಶಗಳನ್ನು ಸರಣಿಯಾಗಿ ಜೋಡಿಸಲಾಗುತ್ತದೆ. ಘಟಕವು ಪೂರ್ಣ ಹೊರೆಯನ್ನು ಹೊರುವವರೆಗಿನ ಕೆಲವು ಸೆಕೆಂಡುಗಳನ್ನು ಬ್ಯಾಟರಿಯು ತುಂಬಬೇಕು. ಆದ್ದರಿಂದ ಬ್ಯಾಟರಿಯೇ ಬೇಡವೆಂದು ಯಾರಾದರೂ ಹೇಳಿದಲ್ಲಿ ಅದನ್ನು ನಂಬತಕ್ಕದ್ದಲ್ಲ.

ಸೇನಾ ನೆಲೆಗಳಲ್ಲಿ ಬಳಕೆ

ಅಮೆರಿಕದ ಇಂಧನ ಇಲಾಖೆ ಹಾಗೂ ರಕ್ಷಣಾ ಇಲಾಖೆಗಳು ಎಂಟು ರಕ್ಷಣಾ ನೆಲೆಗಳಲ್ಲಿ 18 ತುರ್ತು ವಿದ್ಯುತ್ ಇಂಧನ ಕೋಶ ಘಟಕಗಳನ್ನು ಅಳವಡಿಸುವ ಜಂಟಿ ಯೋಜನೆಯನ್ನು 2011ರಲ್ಲಿ ಪ್ರಕಟಿಸಿದವು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯೂ ಇವುಗಳಲ್ಲಿ ಒಂದು. ಡೀಸೆಲನ್ನು ಬಹುಕಾಲ ಶೇಖರಿಸಿಟ್ಟರೆ ಅದರ ಗುಣ ಕೆಡುತ್ತದೆ. ಬಿಗಿಯಾದ ಸಿಲಿಂಡರಿನಲ್ಲಿರುವ ಜಲಜನಕ ಕೆಡುವುದಿಲ್ಲ. ಸದ್ದು ಕಡಿಮೆ, ಹೊಗೆ ಇಲ್ಲ ಎಂಬುದು ಸೇನೆಗೆ ಇನ್ನೊಂದು ಅನುಕೂಲ.

ಭಾರತದಲ್ಲಿ ಭೂಸೇನೆಯು ಎನ್‌ಟಿಪಿಸಿ ಸಂಸ್ಥೆಯ ಸಹಯೋಗದೊಂದಿಗೆ ಲಡಾಖಿನ ಚುಶೂಲಿನಲ್ಲಿ ಬೇರೊಂದು ಮಾರ್ಗವನ್ನು ಅನುಸರಿಸಿದೆ. 4,000 ಮೀಟರಿಗೂ ಮಿಕ್ಕಿದ ಎತ್ತರದ ಈ ಸ್ಥಳದಲ್ಲಿ ಸೌರ ವಿದ್ಯುತ್ತಿನಿಂದ ಸ್ಥಳದಲ್ಲಿಯೇ ಜಲಜನಕವನ್ನು ತಯಾರಿಸಿ, ವರ್ಷವಿಡೀ 200 ಕಿಲೋವ್ಯಾಟ್ ವಿದ್ಯುತ್ ಪೂರೈಸುವ ಯೋಜನೆಗೆ 2024ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ನೆರವೇರಿತು. ಹಿಮದ ಹಾದಿಯಲ್ಲಿ ಡೀಸೆಲ್ ಸಾಗಿಸುವ ಕಷ್ಟವನ್ನು ತಪ್ಪಿಸುವುದು ಇದರ ಉದ್ದೇಶ. ಅರಸೀಕೆರೆಯ ಸ್ಥಿತಿ ಇದಕ್ಕೆ ತೀರಾ ಭಿನ್ನ. ರೈಲ್ವೆ ಜಂಕ್ಷನ್ ಇರುವ ಊರಿನಲ್ಲಿ ಡೀಸೆಲ್ ಸುಲಭವಾಗಿ ದೊರೆಯುತ್ತದೆ; ಜಲಜನಕವನ್ನೇ ದೂರದಿಂದ ತರಿಸಬೇಕಾಗುತ್ತದೆ.

ಎಷ್ಟು ಹೊತ್ತು ನಡೆಯುತ್ತದೆ?

ಅರ್ಜಿದಾರರು ಮೊದಲು ಮಾಡಬೇಕಾದ ಲೆಕ್ಕ ಇದೇ ಆಗಿರುತ್ತದೆ. ಒಂದು ಕಿಲೋಗ್ರಾಂ ಜಲಜನಕದಿಂದ ಇಂಧನ ಕೋಶವು ಸುಮಾರು 16 ಯೂನಿಟ್ ವಿದ್ಯುತ್ ನೀಡಬಲ್ಲದು. ಆದರೆ 7 ಘನ ಮೀಟರಿನ ಸಾಮಾನ್ಯ ಸಿಲಿಂಡರಿನಲ್ಲಿರುವುದು 600 ಗ್ರಾಂ ಜಲಜನಕ ಮಾತ್ರ. ಹೆಚ್ಚೆಂದರೆ 9 ಅಥವಾ 10 ಯೂನಿಟ್. ಎಂದರೆ 5 ಕಿಲೋವ್ಯಾಟ್ ಹೊರೆಗೆ ಎರಡು ಗಂಟೆಯೂ ತುಂಬಲಾರದು. ಇಷ್ಟೇ ವಿದ್ಯುತ್ತಿಗೆ ಡೀಸೆಲ್ ಜನರೇಟರಿಗೆ ಸುಮಾರು ಮೂರು ಲೀಟರ್ ಸಾಕು. ಹೆರಿಗೆ ಕೋಣೆ ಮತ್ತು ಲಸಿಕೆಯ ಫ್ರಿಜ್ ಇರುವ ಆಸ್ಪತ್ರೆಯು ಒಂದು ರಾತ್ರಿಯ 12 ಗಂಟೆಗಳಿಗೆ ಇದೇ ಹೊರೆಯನ್ನು ಅಂದಾಜಿಸಿದಲ್ಲಿ ಏಳಕ್ಕೆ ಕಡಿಮೆಯಿಲ್ಲದಷ್ಟು ತುಂಬಿದ ಸಿಲಿಂಡರುಗಳನ್ನು ಸದಾ ಸಿದ್ಧವಾಗಿಟ್ಟಿರಬೇಕಾಗುತ್ತದೆ.

ಸುರಕ್ಷತೆ ಮತ್ತು ಅನುಮತಿ

ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲಕ್ಕೆ ಸೇರಿಸುವಂತೆ ಇದಕ್ಕೆ ವಾಸನೆಯ ದ್ರವ್ಯ ಸೇರಿಸಿದರೆ ಕೋಶವೇ ಹಾಳಾಗುತ್ತದೆ. ಗಾಳಿಯಲ್ಲಿ ಶೇ. 4ರಿಂದ ಶೇ. 75ರವರೆಗೆ ಬೆರೆತಾಗ ಹೊತ್ತಿಕೊಳ್ಳುತ್ತದೆ. ಹಗಲಿನಲ್ಲಿ ಅದರ ಜ್ವಾಲೆ ಬಹುಮಟ್ಟಿಗೆ ಕಾಣುವುದಿಲ್ಲ. ಹಗುರವಾದ ಅನಿಲವಾದ ಕಾರಣ ಸೋರಿದ್ದು ಛಾವಣಿಯ ಕೆಳಗೆ ಸೇರಿಕೊಳ್ಳುತ್ತದೆ. ಆದಕಾರಣ ಸಿಲಿಂಡರುಗಳನ್ನು ಮುಚ್ಚಿದ ಕೋಣೆಯಲ್ಲಿ ಇಡಬಾರದು. ಮೇಲ್ಭಾಗದಲ್ಲಿ ಗಾಳಿಕಿಂಡಿ ಹಾಗೂ ಸೋರಿಕೆ ಸೂಚಕ ಅವಶ್ಯಕ. ಸಿಲಿಂಡರುಗಳ ದಾಸ್ತಾನಿಗೆ ಗ್ಯಾಸ್ ಸಿಲಿಂಡರ್ ನಿಯಮಗಳು, 2016 ಅನ್ವಯಿಸುತ್ತವೆ. ಇವುಗಳನ್ನು ಜಾರಿಗೊಳಿಸುವುದು ನಾಗಪುರದಲ್ಲಿ ಪ್ರಧಾನ ಕಚೇರಿ ಹೊಂದಿರುವ ಪೆಸೊ ಸಂಸ್ಥೆ.

ವಿದ್ಯುತ್ ಭಾಗಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ವಿನಿಯಮಗಳು ಅನ್ವಯವಾಗುತ್ತವೆ. ಪರವಾನಗಿ ಪಡೆದ ಗುತ್ತಿಗೆದಾರರಿಂದ ನಕ್ಷೆ ಸಿದ್ಧಪಡಿಸಿ, ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸಿ ಸದರಿ ಸಾಮರ್ಥ್ಯಕ್ಕೆ ಬೇಕಾದ ಅನುಮೋದನೆ ಪಡೆಯತಕ್ಕದ್ದು. ಹಾಸನ ಜಿಲ್ಲೆಗೆ ವಿದ್ಯುತ್ ಪೂರೈಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೂ ಮಾಹಿತಿ ನೀಡಬೇಕು. ನಕ್ಷೆಯಲ್ಲಿ ಚೇಂಜ್ ಓವರ್ ಸ್ವಿಚ್ ಅನ್ನು ಸ್ಪಷ್ಟವಾಗಿ ತೋರಿಸಬೇಕು. ಇದು ಕೇವಲ ಕಾಗದದ ನಿಯಮವಲ್ಲ: ಸ್ವಿಚ್ ಇಲ್ಲದಿದ್ದಲ್ಲಿ ಗ್ರಾಹಕರ ವಿದ್ಯುತ್ತು ಹಿಮ್ಮುಖವಾಗಿ ಮಾರ್ಗಕ್ಕೆ ಹರಿದು, ಕಂಬದ ಮೇಲೆ ದುರಸ್ತಿಯಲ್ಲಿರುವ ಲೈನ್‌ಮನ್ನನ ಪ್ರಾಣಕ್ಕೆ ಎರವಾಗುತ್ತದೆ.

ಸ್ಮಾರಕಗಳ ಸಮೀಪದ ನಿವೇಶನಗಳು

ಬೇಲೂರು ಮತ್ತು ಹಳೇಬೀಡಿನ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ನಿರ್ಮಾಣದ ಮೇಲಿನ ನಿರ್ಬಂಧ ಅದಕ್ಕಿಂತ ಹಳೆಯದು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಪ್ರಕಾರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ; ಅಲ್ಲಿಂದಾಚೆಗಿನ 200 ಮೀಟರಿನಲ್ಲಿ ಪೂರ್ವಾನುಮತಿ ಕಡ್ಡಾಯ. ಸಿಲಿಂಡರುಗಳಿಗಾಗಿ ಕಟ್ಟುವ ಶೆಡ್ಡೂ ನಿರ್ಮಾಣವೇ ಆಗಿರುತ್ತದೆ. ಹೀಗಾಗಿ ಬೇಲೂರಿನ ದೇವಾಲಯದ ಸುತ್ತಲ ಬೀದಿಗಳಲ್ಲಿ ವಸತಿಗೃಹ ನಡೆಸುವವರು ಇಕ್ಕಟ್ಟಿಗೆ ಸಿಲುಕುತ್ತಾರೆ: ಸಿಲಿಂಡರನ್ನು ಮನೆಯೊಳಗೆ ಇಡುವುದು ಅಪಾಯ, ಹೊರಗೆ ಶೆಡ್ ಕಟ್ಟಲು ಅವಕಾಶವಿಲ್ಲ. ಅಂತಹವರಿಗೆ ಸದ್ಯಕ್ಕೆ ಬ್ಯಾಟರಿ ಮತ್ತು ಇನ್ವರ್ಟರ್ ವ್ಯವಸ್ಥೆಯೇ ಸೂಕ್ತ. ಅರಸೀಕೆರೆಯ ಈಶ್ವರ ದೇವಾಲಯವೂ ಕೇಂದ್ರ ಸಂರಕ್ಷಿತ ಸ್ಮಾರಕವಾದುದರಿಂದ ಅದರ ಸುತ್ತಲಿನ ನಿವೇಶನದಾರರು ದೂರವನ್ನು ಅಳತೆ ಮಾಡಿಸಿಕೊಂಡ ನಂತರವೇ ಯಂತ್ರಕ್ಕೆ ಮುಂಗಡ ಹಣ ಪಾವತಿಸುವುದು ಒಳಿತು.