ಜೀವಕೋಶದ ಆತ್ಮರಕ್ಷಣೆಯೂ ಅದರ ಸಂಯಮವೂ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದುಬಂದ ಮೇಲೆ ಮಾನ್ವಿಯ ಸುತ್ತಣ ಎರೆಭೂಮಿಯ ಬಹುಭಾಗವು ಭತ್ತದ ಗದ್ದೆಯಾಗಿ ಮಾರ್ಪಟ್ಟಿತು. ಜೋಳವನ್ನೇ ನಂಬಿ ಬಾಳಿದ ಸೀಮೆಗೆ ಸೋನಾಮಸೂರಿಯ ಸಮೃದ್ಧಿ ಪ್ರಾಪ್ತವಾಯಿತು. ಆದರೆ ನಾಟಿ ಮಾಡಿದ ಗದ್ದೆಯಲ್ಲಿ ನಿಂತ ನೀರು ಪೈರಿನೊಡನೆ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯನ್ನೂ ಪೋಷಿಸುತ್ತದೆ. ಗದ್ದೆಗಿಳಿಯುವ ಬೆಳ್ಳಕ್ಕಿಗಳ ಮತ್ತು ಊರ ಹಂದಿಗಳ ರಕ್ತದಲ್ಲಿ ವೃದ್ಧಿಹೊಂದುವ ಒಂದು ವೈರಾಣು ಆ ಸೊಳ್ಳೆಯ ಮೂಲಕ ಮನುಷ್ಯನ ದೇಹವನ್ನು ಪ್ರವೇಶಿಸುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ವೈದ್ಯರಿಗೆ ಚಿರಪರಿಚಿತವಾದ ಜಪಾನೀಸ್ ಮೆದುಳು ಜ್ವರವೆಂದರೆ ಇದೇ. ಮೆದುಳಿಗೆ ವ್ಯಾಪಿಸಿದಾಗ ರೋಗಿಗಳಲ್ಲಿ ನೂರಕ್ಕೆ 30 ಮಂದಿಯವರೆಗೂ ಅದು ಬಲಿ ತೆಗೆದುಕೊಳ್ಳಬಲ್ಲುದು; ಬದುಕುಳಿದವರಲ್ಲಿ ಅನೇಕರು ಕೈಕಾಲುಗಳ ಅಥವಾ ಬುದ್ಧಿಯ ಊನವನ್ನು ಜೀವಮಾನವಿಡೀ ಅನುಭವಿಸಬೇಕಾಗುತ್ತದೆ.

ಇಷ್ಟು ಭೀಕರವಾದ ವ್ಯಾಧಿಯ ವಿಷಯದಲ್ಲಿ ಒಂದು ಸಂಗತಿ ವಿಚಾರಾರ್ಹವಾಗಿದೆ. ಸೋಂಕು ತಗಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರವೇ ರೋಗವು ಉಗ್ರರೂಪದಲ್ಲಿ ಪ್ರಕಟವಾಗುತ್ತದೆ. ಉಳಿದವರನ್ನು ಕಾಪಾಡಿದ ಶಕ್ತಿ ಯಾವುದು? ಪ್ರತಿಕಾಯಗಳು ಸಿದ್ಧವಾಗುವುದಕ್ಕೆ ಕೆಲವು ದಿನಗಳು ಬೇಕಾಗುವುದರಿಂದ, ಮೊದಲ ಗಳಿಗೆಗಳ ಹೋರಾಟದ ಭಾರವೆಲ್ಲ ಜೀವಕೋಶಗಳು ಹುಟ್ಟಿನಿಂದಲೇ ಪಡೆದುಬಂದ ಸಹಜ ರೋಗನಿರೋಧಕ ಶಕ್ತಿಯ ಮೇಲೆ ಬೀಳುತ್ತದೆ. ಈ ಶಕ್ತಿಯ ಅಧ್ಯಯನವು ಮೊದಲು ಆಯುಧವನ್ನೂ, ಆ ಬಳಿಕ ಶತ್ರುವನ್ನು ಗುರುತಿಸುವ ಕಣ್ಣನ್ನೂ, ಕೊನೆಗೆ ಇವೆರಡನ್ನೂ ಹಿಡಿತದಲ್ಲಿಡುವ ಸಂಯಮವನ್ನೂ ಕಂಡುಕೊಂಡಿತು. ಈ ಮೂರರಲ್ಲಿ ಸಂಯಮವೇ ಮಿಗಿಲಾದುದೆಂಬುದು ಈ ಲೇಖನದ ಅಭಿಪ್ರಾಯ.

ಆಯುಧದ ಶೋಧನೆ 1957ರ ಮಾತು. ಲಂಡನ್ನಿನ ಮಿಲ್ ಹಿಲ್ ಸಂಶೋಧನಾಲಯದಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಎಂಬವರು ಶಾಖದಿಂದ ನಿರ್ವೀರ್ಯಗೊಳಿಸಿದ ಇನ್‌ಫ್ಲುಯೆನ್ಜಾ ವೈರಾಣುವನ್ನು ಕೋಳಿಯ ಭ್ರೂಣದ ಪೊರೆಗೆ ಸೋಕಿಸಿದಾಗ, ಆ ಪೊರೆಯಿಂದ ಒಸರಿದ ಯಾವುದೋ ದ್ರವ್ಯವು ಇತರ ಪೊರೆಗಳನ್ನೂ ಜೀವಂತ ವೈರಾಣುವಿನಿಂದ ರಕ್ಷಿಸಿತು. ಅದಕ್ಕೆ ಇಂಟರ್‌ಫೆರಾನ್ ಎಂಬ ನಾಮಕರಣವಾಯಿತು. ಜಪಾನಿನ ನಗಾನೊ ಮತ್ತು ಕೊಜಿಮಾ ಎಂಬವರು ಇಂಥದೇ ಪರಿಣಾಮವನ್ನು 1954ರಲ್ಲಿಯೇ ವರದಿ ಮಾಡಿದ್ದರು. 1980ರಲ್ಲಿ ಇಂಟರ್‌ಫೆರಾನಿನ ಜೀನು ಕೈವಶವಾದ ತರುವಾಯ ಅದು ಔಷಧವಾಗಿ ಧಾರಾಳವಾಗಿ ದೊರೆಯತೊಡಗಿತು. ಆ ದಶಕ ಕಳೆದ ಮೇಲೆ ಜೇಮ್ಸ್ ಡಾರ್ನೆಲ್, ಜಾರ್ಜ್ ಸ್ಟಾರ್ಕ್, ಇಯಾನ್ ಕೆರ್ ಮೊದಲಾದವರು ಅದರ ಆಜ್ಞೆ ಕೋಶದ ಹೊರಮೈಯಿಂದ ಕೋಶಕೇಂದ್ರಕ್ಕೆ ತಲುಪುವ ಜ್ಯಾಕ್-ಸ್ಟ್ಯಾಟ್ ಮಾರ್ಗವನ್ನು ವಿಶದಪಡಿಸಿದರು. ಈ ಆಜ್ಞೆಯಿಂದ ನೂರಾರು ಜೀನುಗಳು ಒಮ್ಮೆಲೇ ಎಚ್ಚೆತ್ತು, ವೈರಾಣುವಿನ ಪ್ರೋಟೀನು ತಯಾರಿಕೆಯನ್ನು ತಡೆಯುತ್ತವೆ, ಅದರ ಆರ್‌ಎನ್‌ಎಯನ್ನು ತುಂಡರಿಸುತ್ತವೆ.

ಆದರೆ ವೈರಾಣು ಒಳಹೊಕ್ಕಿತೆಂಬ ಅರಿವು ಕೋಶಕ್ಕೆ ಮೊದಲು ಹೇಗೆ ಉಂಟಾಗುತ್ತದೆ? ಚಾರ್ಲ್ಸ್ ಜೇನ್‌ವೇ 1989ರಲ್ಲಿ, ಸೂಕ್ಷ್ಮಜೀವಿಗಳಲ್ಲಿ ಮಾತ್ರ ಕಾಣಸಿಗುವ ಕೆಲವು ಅಣುವಿನ್ಯಾಸಗಳನ್ನು ಗುರುತಿಸಬಲ್ಲ ಗ್ರಾಹಕಗಳು ದೇಹದಲ್ಲಿ ಇರಲೇಬೇಕೆಂದು ತರ್ಕಿಸಿದನು. ಹಣ್ಣಿನ ನೊಣದಲ್ಲಿ ಟೋಲ್ ಎಂಬ ಗ್ರಾಹಕದ ರಕ್ಷಣಾಕಾರ್ಯವನ್ನು 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡದವರೂ, ಇಲಿಗಳಲ್ಲಿ ಅದರ ಬಂಧುವನ್ನು 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡದವರೂ ತೋರಿಸಿಕೊಟ್ಟು ಆ ತರ್ಕವನ್ನು ಸಮರ್ಥಿಸಿದರು. 2011ರ ನೊಬೆಲ್ ಪುರಸ್ಕಾರದಲ್ಲಿ ಇವರಿಬ್ಬರಿಗೂ ಪಾಲು ದೊರೆಯಿತು. ಕೋಶದ್ರವ್ಯದೊಳಗೇ ಕಾವಲಿರುವ ರಿಗ್-ಐ ಎಂಬ ಗ್ರಾಹಕವನ್ನು 2004ರಲ್ಲಿ ಜಪಾನಿನ ತಕಾಶಿ ಫುಜಿತಾ ತಂಡದವರು ಬೆಳಕಿಗೆ ತಂದರು. ಶಿಝುವೊ ಅಕಿರಾ ತಂಡದವರು 2006ರಲ್ಲಿ ಪ್ರಕಟಿಸಿದ ಪ್ರಬಂಧ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಏಕೆಂದರೆ ನಮ್ಮ ಗದ್ದೆಗಳ ಜಪಾನೀಸ್ ಮೆದುಳು ಜ್ವರದ ವೈರಾಣುವನ್ನು ಗುರುತಿಸುವ ಮುಖ್ಯ ಕಾವಲುಗಾರ ರಿಗ್-ಐ ಎಂಬುದನ್ನು ಅವರು ಇಲಿಗಳಲ್ಲಿ ಸ್ಥಾಪಿಸಿದರು. ಡಿಎನ್‌ಎಯನ್ನು ಪತ್ತೆಮಾಡುವ ಸಿಗ್ಯಾಸ್ ಎಂಬ ಇನ್ನೊಂದು ಕಾವಲುಗಾರನನ್ನು 2013ರಲ್ಲಿ ಜಿಜಿಯನ್ ಚೆನ್ ತಂಡದವರು ಕಂಡುಕೊಂಡರು.

ಈ ರಿಗ್-ಐಯನ್ನು ಸಮೀಪದಿಂದ ನೋಡುವುದು ಉಚಿತ. ಸೋಂಕಿಲ್ಲದ ಕೋಶದಲ್ಲಿ ಅದು ಸಂಕೇತ ನೀಡುವ ತನ್ನ ಭಾಗಗಳನ್ನು ಮಡಿಚಿಕೊಂಡು ಮೌನವಾಗಿರುತ್ತದೆ. ನಮ್ಮ ಸ್ವಂತ ಸಂದೇಶವಾಹಕ ಆರ್‌ಎನ್‌ಎಯ ತುದಿಗೆ ರಾಸಾಯನಿಕ ಟೊಪ್ಪಿಗೆಯೊಂದು ಇರುವುದರಿಂದ ಅದು ಕೆರಳುವುದಿಲ್ಲ. ಟೊಪ್ಪಿಗೆಯಿಲ್ಲದೆ ಮೂರು ಫಾಸ್ಫೇಟುಗಳನ್ನು ಹೊತ್ತ ಜೋಡಿ ಎಳೆಯ ಆರ್‌ಎನ್‌ಎ ಸಿಕ್ಕಿದಾಗ ಮಾತ್ರ ಬಿಚ್ಚಿಕೊಂಡು, ಯುಬಿಕ್ವಿಟಿನ್ ಸರಪಳಿಗಳ ನೆರವಿನಿಂದ ಮೈಟೋಕಾಂಡ್ರಿಯಾದ ಮೇಲಿರುವ ಮ್ಯಾವ್ಸ್ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. 2005ರಲ್ಲಿ ನಾಲ್ಕು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದ ಈ ಮ್ಯಾವ್ಸ್ ಎಳೆಎಳೆಯಾಗಿ ಕೂಡಿಕೊಂಡು ಇಂಟರ್‌ಫೆರಾನಿನ ಜೀನಿಗೆ ಚಾಲನೆ ಕೊಡುತ್ತದೆ. ಇಷ್ಟರಲ್ಲಿಯೇ ನಿಯಂತ್ರಣವೂ ಆರಂಭವಾಗಿರುತ್ತದೆ: ಸಿವೈಎಲ್‌ಡಿ ಮುಂತಾದ ಕಿಣ್ವಗಳು ಆ ಯುಬಿಕ್ವಿಟಿನ್ ಸರಪಳಿಗಳನ್ನು ಕಳಚುತ್ತವೆ, ಇಂಟರ್‌ಫೆರಾನಿನ ಆಜ್ಞೆಯಿಂದಲೇ ಹುಟ್ಟಿದ ಸಾಕ್ಸ್ ಮತ್ತು ಯುಎಸ್‌ಪಿ18 ಎಂಬ ಪ್ರೋಟೀನುಗಳು ಆ ಆಜ್ಞೆಯನ್ನೇ ತಗ್ಗಿಸುತ್ತವೆ. ಕಾಲುವೆಯ ತೂಬನ್ನು ತೆರೆಯಬಲ್ಲವನಿಗೆ ಮುಚ್ಚುವುದೂ ತಿಳಿದಿರಬೇಕೆಂಬುದನ್ನು ಮಾನ್ವಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರು ಸಾಲದಿದ್ದರೆ ಪೈರು ಒಣಗುತ್ತದೆ, ಮಿತಿಮೀರಿದರೆ ಕೊಳೆಯುತ್ತದೆ.

ಈ ಸಂಯಮ ತಪ್ಪಿದರೆ ಏನಾಗುವುದೆಂಬುದಕ್ಕೆ ಐಕಾರ್ಡಿ ಮತ್ತು ಗೂಟಿಯೇರ್ 1984ರಲ್ಲಿ ವರ್ಣಿಸಿದ ಶಿಶುರೋಗವೇ ನಿದರ್ಶನ. ವೈರಾಣುವೇ ಇಲ್ಲದಿದ್ದರೂ ಆ ಕೂಸುಗಳ ದೇಹ ಇಂಟರ್‌ಫೆರಾನನ್ನು ಸುರಿಸುತ್ತ ಮೆದುಳನ್ನು ಘಾಸಿಗೊಳಿಸುತ್ತದೆ. ಸ್ವಂತ ನ್ಯೂಕ್ಲಿಯಿಕ್ ಆಮ್ಲಗಳನ್ನು ಚೊಕ್ಕಟಗೊಳಿಸುವ ಅಥವಾ ಗುರುತು ಹಾಕುವ ಜೀನುಗಳ ದೋಷವೇ ಇದರ ಮೂಲವೆಂಬುದು 2006ರಿಂದೀಚೆಗೆ ಸ್ಪಷ್ಟವಾಗಿದೆ.

ನಮ್ಮ ನಾಡಿನ ಅಧ್ಯಯನವೂ ಇದೇ ದಿಕ್ಕನ್ನು ಸೂಚಿಸಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿ. ರವಿ ಮತ್ತು ಸಹೋದ್ಯೋಗಿಗಳು 1997ರಲ್ಲಿ, ಮೆದುಳು ಜ್ವರದ ರೋಗಿಗಳ ರಕ್ತದಲ್ಲಿಯೂ ಮೆದುಳುಬಳ್ಳಿಯ ದ್ರವದಲ್ಲಿಯೂ ಟಿಎನ್‌ಎಫ್ ಎಂಬ ಉರಿಯೂತಕಾರಕದ ಪ್ರಮಾಣ ಹೆಚ್ಚಿದಷ್ಟೂ ಸಾವಿನ ಸಂಭವ ಹೆಚ್ಚೆಂದು ತೋರಿಸಿದರು. ಇನ್ನೊಂದೆಡೆ ವೈರಾಣುವೂ ಸುಮ್ಮನಿರುವುದಿಲ್ಲ. ಅದರ ಎನ್‌ಎಸ್5 ಎಂಬ ಪ್ರೋಟೀನು ಜ್ಯಾಕ್-ಸ್ಟ್ಯಾಟ್ ಮಾರ್ಗವನ್ನೇ ಕಟ್ಟಿಹಾಕುತ್ತದೆ. ಆದುದರಿಂದಲೋ ಏನೋ, ವಿಯೆಟ್ನಾಮಿನ 112 ಮಕ್ಕಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎಲ್ಲರೂ ಭರವಸೆಯಿಟ್ಟಿದ್ದ ಇಂಟರ್‌ಫೆರಾನ್ ಚಿಕಿತ್ಸೆಯಿಂದ ಯಾವ ಪ್ರಯೋಜನವೂ ಕಂಡುಬರಲಿಲ್ಲ. ಕೋವಿಡ್ ಕಾಲದಲ್ಲಿ ಇದರ ಮತ್ತೊಂದು ಮುಖ ಕಾಣಿಸಿತು: 2020ರ ಅಧ್ಯಯನವೊಂದರಲ್ಲಿ ಪ್ರಾಣಾಪಾಯಕ್ಕೊಳಗಾದ ರೋಗಿಗಳ ಪೈಕಿ ನೂರಕ್ಕೆ ಸುಮಾರು 10 ಮಂದಿಯಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳಿದ್ದುವು.

ಹೀಗೆ ಮೊದಲಲ್ಲಿ ಮಂದವಾದ ಪ್ರತಿಕ್ರಿಯೆಯೂ ಕೊನೆಯಲ್ಲಿ ಅಡಗದ ಪ್ರತಿಕ್ರಿಯೆಯೂ ಸಮಾನವಾಗಿ ಮಾರಕವೆಂಬುದೇ ಆರು ದಶಕಗಳ ಸಂಶೋಧನೆಯ ಸಾರ. ಮೆದುಳಿಗೆ ರೋಗ ಏರಿದ ಮೇಲೆ ಈ ತೂಕವನ್ನು ಸರಿಪಡಿಸುವ ಔಷಧ ಇನ್ನೂ ನಮ್ಮ ಕೈಯಲ್ಲಿಲ್ಲ. ಆದರೆ ಸೋಂಕಿಗಿಂತ ಮೊದಲೇ ದೇಹವನ್ನು ಹಿತಮಿತವಾಗಿ ಎಚ್ಚರಿಸುವ ಲಸಿಕೆ ಇದೆ. ಕೋಲಾರದಲ್ಲಿ ದೊರೆತ ವೈರಾಣು ತಳಿಯಿಂದಲೇ ನಮ್ಮ ದೇಶದಲ್ಲಿ ಜೆನ್‌ವ್ಯಾಕ್ ಎಂಬ ಲಸಿಕೆ ಸಿದ್ಧವಾಗಿ 2013ರಲ್ಲಿ ಬಳಕೆಗೆ ಬಂದಿದೆ. ಗದ್ದೆಯ ನೀರನ್ನೂ ಬೆಳ್ಳಕ್ಕಿಯನ್ನೂ ನಾವು ತೊರೆಯಲಾರೆವು. ಆ ನೀರಿನ ಅಂಚಿನಲ್ಲಿ ಬೆಳೆಯುವ ಪ್ರತಿಯೊಂದು ಮಗುವಿಗೂ ಸಕಾಲದಲ್ಲಿ ಲಸಿಕೆ ಹಾಕಿಸುವುದು ಈ ಜ್ಞಾನವು ನಮ್ಮ ಮೇಲೆ ಹೊರಿಸಿರುವ ಕರ್ತವ್ಯ.