ತಡವರಿಸುವ ಮಗು ದಡ್ಡ ಅಲ್ಲ: ಕನ್ನಡ ಓದು ಕಲಿಸುವವರಿಗೊಂದು ಕೈಪಿಡಿ

ದಸರಾ ರಜೆಯಲ್ಲಿ ತುಮಕೂರಿನ ಅಕ್ಕನ ಮನೆಗೆ ಹೋಗಿದ್ದೆ. ಒಂದನೇ ಕ್ಲಾಸಿನ ಅಕ್ಕನ ಮಗ ಕನ್ನಡ ಪುಸ್ತಕ ಹಿಡ್ಕೊಂಡು ಕೂತಿದ್ದ. ‘ಸೂರ್ಯ’ ಅನ್ನೋ ಪದದ ಹತ್ರ ಬಂದು ನಿಂತ. “ಸೂ... ಯ... ರ್...” ಅಂದ. “ನಿನ್ನೆ ತಾನೆ ಹೇಳ್ಕೊಟ್ಟಿದ್ದೆ, ಮತ್ತೆ ತಪ್ಪು!” ಅಂತ ಅಕ್ಕ ರೇಗಿದಳು. ಅವನು ಪುಸ್ತಕ ಮುಚ್ಚಿಟ್ಟು ನನ್ನ ಕಡೆ ತಿರುಗಿ, “ಚಿಕ್ಕಿ, ನಂಗೆ ಓದೋಕೆ ಬರಲ್ಲ” ಅಂದ.

ಆ ಪದವನ್ನು ಮತ್ತೊಮ್ಮೆ ನೋಡಿ. ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಆದರೆ ಹಾಳೆಯ ಮೇಲೆ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ಅಂದ್ರೆ ಹುಡುಗ ಕಣ್ಣಿಗೆ ಕಂಡಿದ್ದನ್ನು ಕಂಡ ಕ್ರಮದಲ್ಲೇ ಓದಿದ್ದ. ನಮ್ಮ ರಾಜ್ಯದ ಹೆಸರಲ್ಲೂ ಇದೇ ತೊಡಕಿದೆ: ‘ಕರ್ನಾಟಕ’ ಓದಬೇಕಾದರೆ ಮಗು ಒಂದು ಹೆಜ್ಜೆ ಮುಂದೆ ನೋಡಿ, ಹಿಂದೆ ಬಂದು ಉಚ್ಚರಿಸಬೇಕು. ಆರು ವರ್ಷದ ಮಗುವಿಗೆ ಇದು ಸಣ್ಣ ಕೆಲಸವಲ್ಲ.

ಆ ರಜೆಯಿಂದ ಈಚೆಗೆ ಅವನ ಜೊತೆ ಕೂತು ಕಲಿತದ್ದನ್ನು, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಕ್ಕಳಿಗೆ ಓದಿಸುವವರಿಗೆ, ಊರಲ್ಲಿ ಸಂಜೆ ಪಾಠ ಮಾಡುವ ಗೆಳೆಯರಿಗೆ ಉಪಯೋಗಕ್ಕೆ ಬರಬಹುದು.

ಕನ್ನಡಕ್ಕೆ ಟೈಮ್ ಯಾಕೆ ಬೇಕು?

ಶಾಲೆಯ ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. ಲೆಕ್ಕ ಇಲ್ಲಿಗೆ ಮುಗಿಯಲ್ಲ. ಕಾಗುಣಿತದಲ್ಲಿ ಒಂದೊಂದು ವ್ಯಂಜನಕ್ಕೆ ‘ಕ’ದಿಂದ ‘ಕಃ’ವರೆಗೆ 15 ರೂಪ. 34ನ್ನು 15ರಿಂದ ಗುಣಿಸಿದರೆ 510. ಅದರ ಮೇಲೆ ಒತ್ತಕ್ಷರ. ‘ಕ್ಕ’ದ ಒತ್ತು ನೋಡಿದರೆ ‘ಕ’ ನೆನಪಾಗುತ್ತದೆ. ‘ತ್ತ’, ‘ಮ್ಮ’, ‘ಕ್ಯ’, ‘ಕ್ರ’ಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆ ಕಾಣೋದು ಕಷ್ಟ. ಜೊತೆಗೆ ದ–ಧ, ಬ–ಭ, ಪ–ಷ, ವ–ಮ ಅನ್ನೋ ಅವಳಿ ಜವಳಿಗಳು.

ಮಕ್ಕಳು ಕನ್ನಡ ಓದು ಕಲಿಯುವ ಬಗೆಯನ್ನು ಸಂಶೋಧಕಿ ಸೋನಾಲಿ ನಾಗ್ ಬೆಂಗಳೂರಿನಲ್ಲಿದ್ದು ಅಧ್ಯಯನ ಮಾಡಿದವರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದ ಸಾರ ಇಷ್ಟು: ಯುರೋಪಿನ ಭಾಷೆಗಳ ಅಕ್ಷರಮಾಲೆ ಕಲಿಯುವುದಕ್ಕಿಂತ ಕನ್ನಡದ ಅಕ್ಷರ ಕಲಿಕೆ ನಿಧಾನ, ಅದು ಒಂದನೇ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಹರಿಯುತ್ತದೆ. ಇಂಗ್ಲಿಷಿಗೆ ಅಕ್ಷರ 26 ಅಷ್ಟೇ, ಕಷ್ಟವೆಲ್ಲ ಸ್ಪೆಲ್ಲಿಂಗಿನಲ್ಲಿ. ಕನ್ನಡದ್ದು ಉಲ್ಟಾ. ಚಿಹ್ನೆಗಳು ರಾಶಿ, ಆದರೆ ಒಮ್ಮೆ ಕೈಗೆ ಸಿಕ್ಕರೆ ಹೊಸ ಪದವನ್ನೂ ಬಹುತೇಕ ಬರೆದ ಹಾಗೇ ಓದಬಹುದು. ಎಬಿಸಿಡಿಯ ಗಡಿಯಾರ ಇಟ್ಟುಕೊಂಡು ಕನ್ನಡದ ಓಟ ಅಳೆಯುವುದೇ ಮೊದಲ ತಪ್ಪು.

ಯಾವ ಕ್ರಮದಲ್ಲಿ ಕಲಿಸೋದು?

*ಮೊದಲು ಕಿವಿ.* ಪುಸ್ತಕ ತೆಗೆಯುವ ಮುಂಚೆ ಪದವನ್ನು ಚಪ್ಪಾಳೆಯಲ್ಲಿ ಒಡೆಯಿರಿ: ಮಾ-ವಿ-ನ-ಹ-ಣ್ಣು, ಐದು ಚಪ್ಪಾಳೆ. ‘ಮ’ದಿಂದ ಶುರುವಾಗುವ ತಿಂಡಿ ಯಾವುದು, ಮನೆಯಲ್ಲಿ ಯಾರ ಹೆಸರಲ್ಲಿ ‘ರ’ ಇದೆ ಅಂತ ಕೇಳಿ. ಬಸ್ಸಲ್ಲೂ ಆಡಬಹುದಾದ ಆಟ.

*ಅಕ್ಷರ, ಆದರೆ ಅ–ಆ–ಇ–ಈ ಕ್ರಮದಲ್ಲಿ ಬೇಡ.* 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಈ ಪಾಠವನ್ನು ಆಗಲೇ ಕಲಿಸಿದೆ. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಯಾಕೆ ಗೊತ್ತಾ? ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಗರಗಸ ಓದಬಹುದು. 49 ಅಕ್ಷರ ಮುಗಿಯುವ ತನಕ ಮಗು ಕಾಯಬೇಕಿಲ್ಲ. ‘ನಾನು ಓದಿದೆ’ ಅನ್ನೋ ಖುಷಿ ಶುರುವಿನಲ್ಲೇ ಸಿಗುತ್ತದೆ.

*ಕಾಗುಣಿತವನ್ನು ಅಡ್ಡಡ್ಡ ಉರು ಹೊಡೆಸಬೇಡಿ.* ಕ ಕಾ ಕಿ ಕೀ ಅಂತ ಹಾಡಿನಂತೆ ಹೇಳುವ ಮಗುವಿಗೆ ನಡುವಿನ ‘ಕೊ’ ಒಂದನ್ನೇ ತೋರಿಸಿ ನೋಡಿ, ಗುರುತು ಸಿಗಲ್ಲ. ಬದಲಿಗೆ ಒಂದು ಸಲಕ್ಕೆ ಒಂದೇ ಚಿಹ್ನೆ ತಗೊಳ್ಳಿ. ಗೊತ್ತಿರುವ ಅಕ್ಷರಗಳಿಗೆ ‘ಆ’ ಚಿಹ್ನೆ ಸೇರಿಸಿದರೆ ದಾರ, ರಾಗ, ಸಾಗರ ಸಿಕ್ಕವು. ಅದು ಗಟ್ಟಿಯಾದ ಮೇಲೆ ಮುಂದಿನದು. ಕಿ–ಕೀ, ಕೆ–ಕೇ ದೀರ್ಘದ ಗೊಂದಲ ಎಲ್ಲ ಮಕ್ಕಳಿಗೂ ಇರುತ್ತದೆ, ಗಾಬರಿ ಬೇಡ.

*ಒತ್ತಕ್ಷರ ಮನೆಯವರಿಂದಲೇ ಶುರು.* ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ: ಬಾಯಿಗೆ ಬರುವ ಪದ, ಅದೇ ಅಕ್ಷರದ ಒತ್ತು. ಆಮೇಲೆ ಬೇರೆ ಒತ್ತುಗಳು. ಅರ್ಕಾವತ್ತು ಕಟ್ಟಕಡೆಗೆ.

ಮಗು ತಡವರಿಸಿದಾಗ

ನಾನು ಪಾಲಿಸುವ ನಿಯಮ ಸರಳ. ತಡವರಿಸಿದರೆ ಮನಸ್ಸಲ್ಲೇ ಐದು ಎಣಿಸ್ತೀನಿ. ಬರಲಿಲ್ಲ ಅಂದ್ರೆ ಆ ಅಕ್ಷರದ ಸದ್ದು ಹೇಳಿ, ಪದವನ್ನು ಅವನಿಂದಲೇ ಹೇಳಿಸ್ತೀನಿ. ಆಮೇಲೆ ಆ ವಾಕ್ಯವನ್ನು ಮೊದಲಿನಿಂದ ಇಬ್ಬರೂ ಒಟ್ಟಿಗೆ ಓದ್ತೀವಿ. “ಇಷ್ಟೂ ಬರಲ್ವಾ?”, “ಪಕ್ಕದ ಮನೆ ಹುಡುಗಿ ನೋಡು” ಅನ್ನೋ ಮಾತಿಗೆ ಜಾಗ ಇಲ್ಲ. ಒಂದು ಪುಟದಲ್ಲಿ ನಾಲ್ಕೈದು ಕಡೆ ನಿಂತರೆ ಆ ಪುಸ್ತಕಕ್ಕೆ ಇನ್ನೂ ಹೊತ್ತು ಬಂದಿಲ್ಲ ಅಂತ. ಅದನ್ನು ನಾನು ಓದಿ ಹೇಳ್ತೀನಿ, ಅವನು ಕೇಳ್ತಾನೆ.

ದಿನಕ್ಕೆ ಹತ್ತು ನಿಮಿಷ ಸಾಕು. ಮಗುವಿಗೆ ಸುಸ್ತಾಗುವ ಮುಂಚೆ ನಿಲ್ಲಿಸಿ, ಇನ್ನೂ ಬೇಕು ಅನ್ನುವಾಗಲೇ. ಓದೋದು, ಬರೆಯೋದು ಎರಡನ್ನೂ ಒಂದೇ ಹೊತ್ತಿಗೆ ಗಂಟು ಹಾಕಬೇಡಿ. ‘ಹತ್ತು ಸಲ ಬರಿ’ ಅನ್ನೋದು ಸಣ್ಣ ಬೆರಳಿಗೆ ಶಿಕ್ಷೆ. ನಿದ್ದೆಗೆ ಮುಂಚೆ ಒಂದು ಕತೆ ಓದಿ ಹೇಳೋದನ್ನು ಮಾತ್ರ ತಪ್ಪಿಸಬೇಡಿ. ಮಗು ತಾನೇ ಓದಲು ಕಲಿತ ಮೇಲೂ ನಿಲ್ಲಿಸಬೇಡಿ.

‘ಆಲು’ ಅಂದ್ರೆ ತಪ್ಪಾ?

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ‘ಹಾಲು’ ಅನ್ನೋದು ‘ಆಲು’. ಪುಸ್ತಕದ ‘ಹೋಗುತ್ತಾನೆ’ ಯಾರ ಮನೆಯಲ್ಲೂ ಇಲ್ಲ; ‘ಹೋಗ್ತಾನೆ’, ‘ಓಯ್ತಾನೆ’, ‘ಹೊಕ್ಕಾನ’ ಇದೆ. ಹಾಲಿನ ಲೋಟದ ಚಿತ್ರದ ಕೆಳಗೆ ‘ಹಾಲು’ ಅಂತ ಇದ್ದದ್ದನ್ನು ಮಗು ‘ಆಲು’ ಅಂತ ಓದಿದರೆ ಅದಕ್ಕೆ ಅರ್ಥ ಆಗಿದೆ ಅಂತಲೇ ಲೆಕ್ಕ. “ಹೌದು, ಹಾಲು” ಅಂತ ನೀವು ಹೇಳಿ ಮುಂದೆ ಹೋಗಿ. ಅಲ್ಲಿ ನಕ್ಕರೆ ಮಗುವಿಗೆ ನಾಚಿಕೆ ಆಗೋದು ತನ್ನ ಅಮ್ಮ ಆಡುವ ಮಾತಿನ ಬಗ್ಗೆ. ಯಾರ ಕನ್ನಡ ‘ಶುದ್ಧ’ ಅನ್ನೋ ಪ್ರಶ್ನೆಯಲ್ಲಿ ಜಾತಿ, ವರ್ಗ ಎರಡೂ ಇವೆ ಅಂತ ನಿಮಗೆ ಹೇಳಬೇಕಿಲ್ಲ.

ಲಂಬಾಣಿ, ಉರ್ದು, ತುಳು, ಬ್ಯಾರಿ ಮಾತಾಡುವ ಮನೆಯ ಮಗುವಿಗಂತೂ ಕನ್ನಡವೇ ಹೊಸದಾಗಿರಬಹುದು. ಅಂಥ ಮಗುವಿನ ಜೊತೆ ಚಿತ್ರ ನೋಡುತ್ತಾ ಕತೆಯನ್ನು ಮೊದಲು ಮನೆಮಾತಲ್ಲೇ ಮಾತಾಡಿ. ಅರ್ಥ ಗೊತ್ತಿರುವ ಪದವನ್ನು ಓದೋದು ಸುಲಭ.

ಪುಸ್ತಕ ಎಲ್ಲಿಂದ?

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತ, ಹಂತಗಳಾಗಿ ವಿಂಗಡಿಸಿಟ್ಟಿದ್ದಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ನಿಮ್ಮೂರಿನದು ತೆರೆಯುತ್ತಾ, ಮಕ್ಕಳ ಪುಸ್ತಕ ಇವೆಯಾ ಅಂತ ಹೋಗಿ ನೋಡಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಬಸ್ಸಿನ ಬೋರ್ಡು, ಅಂಗಡಿ ಹೆಸರು, ಬಿಸ್ಕತ್ ಪೊಟ್ಟಣ ಕೂಡ ಓದಿನ ಸಾಮಗ್ರಿಯೇ.

ಯಾವಾಗ ತಜ್ಞರ ಹತ್ರ ಹೋಗಬೇಕು?

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ತಾಳ್ಮೆಯಿಂದ ಕಲಿಸಿದರೂ ಎರಡನೇ ತರಗತಿಯ ಹೊತ್ತಿಗೆ ಸರಳ ಅಕ್ಷರಗಳೇ ನಿಲ್ಲುತ್ತಿಲ್ಲ ಅಂದ್ರೆ ಕಲಿಕಾ ನ್ಯೂನತೆ ಇರಬಹುದು. ಇದಕ್ಕೂ ಬುದ್ಧಿವಂತಿಕೆಗೂ ಸಂಬಂಧ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಇದೆ.

ಇದು ಬರೀ ಮನೆಯ ವಿಷಯ ಅಲ್ಲ

ಮಗುವನ್ನು ಸೇರಿಸಿಕೊಳ್ಳುವಾಗ ‘ಇಂಟರ್‌ವ್ಯೂ’ ಮಾಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸುತ್ತದೆ. ಮೊದಲ ಸಲಕ್ಕೆ 25 ಸಾವಿರದವರೆಗೆ, ಆಮೇಲೆ ಪ್ರತಿ ಸಲ 50 ಸಾವಿರದವರೆಗೆ ದಂಡ. 17ನೇ ಸೆಕ್ಷನ್ ಹೊಡೆತದ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಓದಲು ಬರಲಿಲ್ಲ ಅಂತ ಮಗುವನ್ನು ಕ್ಲಾಸಿನ ಮುಂದೆ ಅವಮಾನಿಸುವುದನ್ನು ‘ಶಿಸ್ತು’ ಅಂತ ಒಪ್ಪಿಕೊಳ್ಳಬೇಕಿಲ್ಲ. 2021ರಲ್ಲಿ ಶುರುವಾದ ‘ನಿಪುಣ್ ಭಾರತ್’ ಕೂಡ ಮಕ್ಕಳು ಅರ್ಥ ಮಾಡಿಕೊಂಡು ಓದುವ ಗುರಿಯನ್ನು ಇಟ್ಟಿರುವುದು ಮೂರನೇ ತರಗತಿಯ ಕೊನೆಗೆ. ಹಾಗಿರುವಾಗ ಯುಕೆಜಿ ಮಗುವಿನ ಮೇಲೆ ಯಾಕಿಷ್ಟು ಒತ್ತಡ?

ಆ ಹತ್ತು ನಿಮಿಷವೂ ಎಲ್ಲರ ಕೈಲಿಲ್ಲ. ಗಾರ್ಮೆಂಟ್ಸ್‌ನಿಂದ ರಾತ್ರಿ ಬರುವ ತಾಯಿಗೆ, ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ನೋಡುವ ಟೀಚರ್‌ಗೆ ‘ತಾಳ್ಮೆ ಇರಲಿ’ ಅಂತ ಬೋಧಿಸೋದು ಸುಲಭ. ಅವರಿಗೆ ಬೇಕಿರೋದು ಇನ್ನೊಬ್ಬ ಟೀಚರ್, ತೆರೆದಿರುವ ಗ್ರಂಥಾಲಯ, ಸಂಜೆ ಮಗುವಿನ ಪಕ್ಕ ಕೂರುವ ಒಬ್ಬರು. ಮೊದಲ ಎರಡನ್ನು ಸರ್ಕಾರದಿಂದ ಕೇಳಿ ಪಡೆಯೋಣ. ಮೂರನೆಯದು ನಾವೇ ಆಗಬಹುದು.

ಅಕ್ಕನ ಮಗ ಈಗಲೂ ಅರ್ಕಾವತ್ತಿನ ಹತ್ರ ನಿಲ್ತಾನೆ. ಹೋದ ವಾರ ‘ಕರ್ನಾಟಕ’ ಬಂದಾಗ ಬೆರಳಿಟ್ಟು, ಮುಂದೆ ನೋಡಿ, ಹಿಂದೆ ಬಂದು ನಿಧಾನಕ್ಕೆ ಓದಿದ. ಅಕ್ಕ ಪಕ್ಕದಲ್ಲೇ ಕೂತಿದ್ದಳು, ಏನೂ ಅನ್ನಲಿಲ್ಲ. ಅವನು ಪುಟ ತಿರುಗಿಸಿದ.