ನೆಗೆಟಿವ್ ಇಲ್ಲದ ಫೋಟೋ

ಹರಿಹರೇಶ್ವರನ ಗುಡಿಯ ಮುಂದೆ ನಿಂತ ಅಮ್ಮನ ಫೋಟೋ ನಮ್ಮಲ್ಲಿರುವುದು ಒಂದೇ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಹರಿಹರದಲ್ಲಿ ಇನ್ನೂ ನಿಂತಿದೆ. ಫೋಟೋ ಮಾತ್ರ ಮಾಸುತ್ತಿದೆ. ನೆಗೆಟಿವ್ ಇಲ್ಲ. ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಟಿಫ್ ರೂಪದಲ್ಲೇ ಬೇಕೆಂದು ಹಟ ಹಿಡಿದೆ. 1986ರಲ್ಲಿ ಸ್ಕ್ಯಾನರುಗಳಿಗೆಂದೇ ಬಂದ ಟಿಫ್ ಜಾಗ ಜಾಸ್ತಿ ತಿನ್ನುತ್ತದೆ, ತಿನ್ನಲಿ! 1992ರ ಜೆಪೆಗ್ ಹಾಗಲ್ಲ. ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟು ಚಿತ್ರವನ್ನು ಹಗುರ ಮಾಡುತ್ತದೆ. ತಿದ್ದಿ ಮತ್ತೆ ಮತ್ತೆ ಉಳಿಸಿದರೆ ಇನ್ನಷ್ಟು ಬಿಡುತ್ತದೆ. ಆಮೇಲೆ ಟಿಫ್‌ಗೆ ಬದಲಿಸಿದರೂ ಹೋದದ್ದು ಬಾರದು. ನಂಟರಿಗೆ ಕಳಿಸಲು ಜೆಪೆಗ್ ಸಾಕು, ನಾನೂ ಅದನ್ನೇ ಕಳಿಸಿದೆ. ವಾಟ್ಸಾಪಿನಲ್ಲಿ ಸುತ್ತಿ ಬಂದ ನಕಲಿನಲ್ಲಿ ಅಮ್ಮನ ಮೂಗುಬೊಟ್ಟು ಬರೀ ಚುಕ್ಕೆ. ಟಿಫ್‌ನಲ್ಲಿ ಹರಳು ಕಾಣುತ್ತದೆ.